ಅತ್ತೆಯ ಕುಳ್ಳಿನ ಗೋಡೆ

ನಮ್ಮ ಸೋದರತ್ತೆಯ ಮುಂದೆ ‘ಯಾವಾಗಲೂ’ ಎಂಬ ಮಾತನ್ನಾಡಿ, ಮರ್ಯಾದೆ ಉಳಿಸಿಕೊಂಡು ಮನೆಗೆ ಹೋದವರು ಇಡೀ ಕುಷ್ಟಗಿಯಲ್ಲಿ ಒಬ್ಬರೂ ಇರಲಿಲ್ಲ! ಹೀಗೆ ಬರೆದೆನೋ ಇಲ್ಲವೋ, ಬೆನ್ನ ಹಿಂದಿನಿಂದ ಆಕೆಯ ದನಿ ಕೇಳಿದಂತಾಗುತ್ತದೆ: “ಇಡೀ ಕುಷ್ಟಗಿ ಅಂದೆಲ್ಲಾ, ಎಷ್ಟು ಮನಿ ತಿರುಗಿ ಕೇಳಿ ಬಂದೀದಿ?” ಕೇಳಿಲ್ಲ ಅತ್ತೆ, ತಪ್ಪಾಯಿತು. ‘ನಮ್ಮ ಓಣಿಯಲ್ಲಿ’ ಎಂದು ತಿದ್ದಿಕೊಳ್ಳುತ್ತೇನೆ.

ಅದು ನಿಜಾಮರ ಕಾಲ. ನಮ್ಮಪ್ಪ ಕಚೇರಿಯಲ್ಲಿ ಕಾರಕೂನ. ಅತ್ತೆ ಅವನ ಅಕ್ಕ. ಆಕೆಯನ್ನು ಯಲಬುರ್ಗಾಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ ಹೊಡೆದುಕೊಂಡು ತಮ್ಮನ ಮನೆಗೆ ಬಂದಳು. ಒಂದಕ್ಷರ ಓದಲು ಬಾರದು. ಆದರೆ ಎಣಿಕೆ? ಅಬ್ಬಾ! ಬಂದ ಬೀಗರು ಎಷ್ಟು ಸಲ ಆಕಳಿಸಿದರು ಎನ್ನುವುದನ್ನೂ ಎಣಿಸಿ, ಅವರು ಚಪ್ಪಲಿ ಮೆಟ್ಟುವಾಗ ಹೇಳಿ ಕಳಿಸುವಂಥವಳು.

“ನಾಲಿಗಿಗೆ ಎಲುಬಿಲ್ಲ, ಹೆಂಗ ಬೇಕಾದ್ರ ಹಂಗ ಹೊಳ್ಳತೈತಿ. ಗ್ವಾಡಿ ಹೊಳ್ಳೂದಿಲ್ಲ” ಎನ್ನುವುದು ಆಕೆಯ ಸಿದ್ಧಾಂತ. ಗೋಡೆ ಎಂದರೆ ನಮ್ಮ ಹಿತ್ತಲ ಗೋಡೆ. ಊರಿನ ಹೆಂಗಸರೆಲ್ಲ ಗೋಡೆಗೆ ಸಗಣಿಯ ಕುಳ್ಳು ಬಡಿಯುತ್ತಿದ್ದರು, ಒಣಗಿದರೆ ಒಲೆಗಾಯಿತು ಎಂದು. ನಮ್ಮತ್ತೆ ಬಡಿದರೆ ಅದು ಲೆಕ್ಕ! ಒಂದು ಸಂಗತಿಗೆ ಒಂದು ಸಾಲು. ಒಂದು ಸಲಕ್ಕೆ ಒಂದು ಕುಳ್ಳು, ಒಂದರ ಮೇಲೊಂದು. ಯಾವ ಸಾಲು ಎತ್ತರವೋ ಆ ಸಂಗತಿ ಹೆಚ್ಚು. ಓದು ಬಾರದವರೂ ಹತ್ತು ಮಾರು ದೂರದಿಂದ ನೋಡಿ ತಿಳಿಯಬಹುದು.

ಹುಡುಗಿಯರಿಗೆ ಶಾಲೆ ಯಾತಕ್ಕೆ ಎನ್ನುವ ಕಾಲವಾದ್ದರಿಂದ ಆ ಗೋಡೆಯೇ ನನ್ನ ಸಾಲಿ, ಅತ್ತೆಯೇ ಪಂತೋಜಿ. ಮೊದಲ ಪಾಠ, ಗೋಡೆಯ ಬುಡದಲ್ಲಿ ಸುಣ್ಣದ ಒಂದು ಅಡ್ಡಗೆರೆ. “ಎಲ್ಲಾ ಸಾಲು ಈ ಗೆರಿ ಮ್ಯಾಲಿಂದ ಏಳಬೇಕು. ಒಬ್ಬಾಕಿ ಕಟ್ಟಿ ಮ್ಯಾಲ, ಒಬ್ಬಾಕಿ ನೆಲದ ಮ್ಯಾಲ ನಿಂತು ‘ಯಾರು ಎತ್ತರ’ ಅಂದ್ರ ಏನು ಹೇಳ್ತಿ?” ಎರಡನೆಯ ಪಾಠ, ಕುಳ್ಳೆಲ್ಲ ಒಂದೇ ಅಳತೆ. “ಒಂದು ರೊಟ್ಟಿಯಷ್ಟು, ಒಂದು ಹಪ್ಪಳದಷ್ಟು ಬಡದ್ರ ಅದು ಲೆಕ್ಕ ಅಲ್ಲವಾ, ಬರೇ ಹೇಸಿಗಿ!”

ಮೂರನೆಯ ಪಾಠ ಅತ್ತೆ ಕಲಿಸದೆಯೇ ನನ್ನ ಬೆನ್ನಿಗೆ ಬಿದ್ದದ್ದು, ನಾಚಿಕೆ. ಗೆಳತಿಯರು ನನ್ನನ್ನು ಕಂಡಲ್ಲೆಲ್ಲ “ನಿಮ್ಮತ್ತಿ ಸಗಣ್ಯಾಗ ಪುರಾಣ ಬರೀತಾಳಂತಲ್ಲಾ!” ಎಂದು ಮೂಗು ಮುಚ್ಚಿಕೊಳ್ಳುವರು. ನಾಚಿಕೆಯಿಂದ ನಾನು ಅಂಗಳದಲ್ಲಿ ಅತ್ತೆ ಕಂಡರೆ ಬೇರೆಯವರ ಮನೆಯ ಹುಡುಗಿಯಂತೆ ನಿಲ್ಲುತ್ತಿದ್ದೆ. ನಾಚಿಕೆಯಲ್ಲೂ ಮೇಲುಕೀಳು ಇವೆ ಎಂದು ಆಗ ಗೊತ್ತಿರಲಿಲ್ಲ.

ಎದುರು ಮನೆಯ ದೊಡ್ಡವ್ವ ಒಮ್ಮೆ ಬಂದು ಗೋಳು ತೋಡಿಕೊಂಡಳು. “ಏನು ಹೇಳ್ಲಿ ಅಕ್ಕಾರ, ನನ್ನ ಸೊಸಿ ಯಾವಾಗ್ಲೂ ಹಾಲು ಉಕ್ಕಿಸ್ತಾಳ್ರಿ!”

“ಯಾವಾಗ್ಲೂ ಅಂದ್ರ ಎಷ್ಟು ಸಲ?”

“ಅಯ್ಯ, ಯಾವಾಗ್ಲೂ ಅಂದ್ರ ಯಾವಾಗ್ಲೂ ರೀ!”

ಎಂಟು ದಿನ ಎರಡು ಸಾಲು ಎದ್ದವು. ಸೊಸೆಯ ಸಾಲಿನಲ್ಲಿ ಒಂದು ಕುಳ್ಳು. ದೊಡ್ಡವ್ವ ತಾನೇ ಉಕ್ಕಿಸಿದ ಸಾಲಿನಲ್ಲಿ ಮೂರು! ಸೊಸೆ ಆ ಗೋಡೆಗೆ ಗುಟ್ಟಾಗಿ ಅರಿಶಿನ ಕುಂಕುಮ ಹಚ್ಚಿ ಹೋದಳಂತೆ. ದೊಡ್ಡವ್ವ ಒಂದು ತಿಂಗಳು ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ.

ಅಪ್ಪನ ಫಜೀತಿ ಇದಕ್ಕಿಂತ ದೊಡ್ಡದು. ಅವನ ಕಚೇರಿಯ ಸಾಹೇಬರು ಒಂದು ಸಂಜೆ ನಮ್ಮಲ್ಲಿ ಚಹಾಕ್ಕೆ ಬಂದರು. ಕೈ ತೊಳೆಯಲು ಹಿತ್ತಲಿಗೆ ಹೋದವರು ಗೋಡೆ ನೋಡಿ ನಿಂತುಬಿಟ್ಟರು. “ಯೇ ಕ್ಯಾ ಹೈ ಅಮ್ಮಾ?”

ಅಪ್ಪ ಚೊಂಬು ಹಿಡಿದುಕೊಂಡೇ ಗೋಡೆಗೆ ಅಡ್ಡ ಬಂದ. ಅತ್ತೆ ಶಾಂತವಾಗಿ ಹೇಳಿದಳು: “ಇದು ನಮ್ಮ ತಮ್ಮ ‘ಕಚೇರ್ಯಾಗ ಭಾಳ ಕೆಲಸ’ ಅಂತ ದೀಪ ಹಚ್ಚಿದ ಮ್ಯಾಲ ಮನಿಗೆ ಬಂದ ದಿನದ ಲೆಕ್ಕರಿ ಸಾಹೇಬ್ರ. ಈ ತಿಂಗಳ ಹನ್ನೊಂದು.”

ಸಾಹೇಬರು ಗಡ್ಡ ನೀವಿಕೊಂಡರು. “ಹನ್ನೊಂದು? ಕಚೇರಿ ಐದಕ್ಕ ಬಂದ್ ಆಗ್ತದಲ್ಲಮ್ಮಾ!”

ಅಪ್ಪ ಸಂಜೆ ಇಸ್ಪೀಟಿಗೆ ಕೂರುತ್ತಿದ್ದ ಗುಟ್ಟು ಹೀಗೆ ಹೊರಬಿತ್ತು. ಅವ್ವ ಮರುದಿನ ಆ ಹನ್ನೊಂದು ಕುಳ್ಳನ್ನೇ ಆರಿಸಿ ಕಿತ್ತು, ಅವನ್ನೇ ಉರಿಸಿ ಅಪ್ಪನಿಗೆ ಸ್ನಾನಕ್ಕೆ ನೀರು ಕಾಯಿಸಿಕೊಟ್ಟಳು. ಅದು ಅತ್ತೆಯದೇ ಕಟ್ಟಳೆ: ತೀರಿದ ಲೆಕ್ಕ ಗೋಡೆಯ ಮೇಲಿರಬಾರದು, ಒಲೆಗೆ ಹೋಗಬೇಕು.

ಇನ್ನು ಸರಾಸರಿಯ ಕತೆ ಕೇಳಿ. ಅತ್ತೆ ನನ್ನನ್ನು ಕೂಡಿಸಿಕೊಂಡು ರೊಟ್ಟಿಗೊಂದು ಕಾಳಿನಂತೆ ಶೇಂಗಾ ಗುಂಪಿ ಮಾಡಿದಳು. ಅಪ್ಪ ತಿನ್ನುವ ರೊಟ್ಟಿ ಆರು, ಅವ್ವನವು ಎರಡು, ಅಣ್ಣನವು ಮೂರು, ನನ್ನದು ಒಂದು. “ಈಗ ಎತ್ತರದ ಗುಂಪಿಯಿಂದ ತಗದು ತಗ್ಗಿನ ಗುಂಪಿಗೆ ಹಾಕು. ಎಲ್ಲಾ ಸಮ ಆಗೂ ತನಕ ಹಾಕು.” ಹಾಕಿದೆ. ಎಲ್ಲ ಮೂರು ಮೂರಾದವು. “ಇದಽ ನೋಡು ಸರಾಸರಿ.” ಈ ಹೊಸ ವಿದ್ಯೆಯನ್ನು ನಾನು ಓಡಿಹೋಗಿ ಅವ್ವನಿಗೆ ಹೇಳಿದೆ. ಇಸ್ಪೀಟಿನ ಸಿಟ್ಟು ಇನ್ನೂ ಆರಿರದ ಅವ್ವ ಮರುದಿನ ಅಪ್ಪನ ತಾಟಿಗೆ ಮೂರೇ ರೊಟ್ಟಿ ಹಾಕಿ ಬುಟ್ಟಿ ಮುಚ್ಚಿದಳು. “ಈ ಮನ್ಯಾಗ ತಲಿಗೆ ಮೂರಂತ್ರಿ, ಅಕ್ಕಾರ ಹೇಳ್ಯಾರ.” ನನ್ನ ತಾಟಿಗೂ ಮೂರು! ಅಪ್ಪ ಹಸಿವಿನಿಂದ ಕೂಗಿದ, ನಾನು ಮೂರನೆಯ ರೊಟ್ಟಿಯನ್ನು ಕಣ್ಣೀರಿನಲ್ಲಿ ಅದ್ದಿಕೊಂಡು ತಿಂದೆ. ಅತ್ತೆ ತಲೆ ಚಚ್ಚಿಕೊಂಡಳು. “ಶೇಂಗಾ ಸಮ ಮಾಡಾಕ ಬರತೈತಿ ತಂಗೀ, ಹೊಟ್ಟಿ ಸಮ ಮಾಡಾಕ ಬರತೈತೇನು? ಸರಾಸರಿ ಉಣಿಸಾಕಲ್ಲ, ತಿಳಕೊಳ್ಳಾಕ!”

ಇಲ್ಲಿಯವರೆಗೆ ನಕ್ಕಿರಲ್ಲ? ನಗಿರಿ. ಮುಂದಿನದನ್ನು ಹೇಳುವಾಗ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಮ್ಮ ಓಣಿಗೆ ಒಂದೇ ಬಾವಿ. ಅದರ ನೀರು ಸೇದುವವು ಆರು ಮನೆ. ಆರನೆಯ ಮನೆ ಬಣ್ಣದವ್ವನದು. ನೇಕಾರರಿಗೆ ನೂಲು ಬಣ್ಣ ಹಾಕಿಕೊಡುತ್ತಿದ್ದಳಾದ್ದರಿಂದ ಆ ಹೆಸರು. ಆ ಮನೆಯಲ್ಲಿ ಹಾಸಿಗೆ ಹಿಡಿದ ಆಕೆಯ ಅತ್ತೆ ಮತ್ತು ಆಕೆ, ಇಬ್ಬರೇ. ಆ ವರ್ಷ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬಾವಿಯ ತಳ ಕಾಣತೊಡಗಿತು. ಓಣಿ ಒಂದೇ ಬಾಯಿಂದ ಹೇಳಿತು: “ಬಣ್ಣದವ್ವ ಯಾವಾಗ್ಲೂ ಸೇದತಿರ್ತಾಳ. ನೂಲು ತೊಳದು ತೊಳದು ಬಾವಿ ಬತ್ತಿಸ್ಯಾಳ!”

ಅತ್ತೆ ಬಾವಿಕಟ್ಟೆಯ ಮೇಲೆ ನಿಂತು ಕೇಳಬೇಕಾದ್ದನ್ನು ಕೇಳಿದಳು. “ಯಾವಾಗ್ಲೂ ಅಂದ್ರ ಎಷ್ಟು ಕೊಡ?”

ಯಾರಿಗೆ ಗೊತ್ತು! ಓಣಿಯ ಹಿರಿಯರು ಅಂದರು, “ಅಕ್ಕಾರ, ನೀವಽ ಎಣಸ್ರಿ. ನಿಮ್ಮ ಗ್ವಾಡಿ ಹೇಳಿದ್ದಕ್ಕ ನಾವೆಲ್ಲಾ ಬದ್ಧ.” ಅತ್ತೆಗೆ ಅಂದು ಆದ ಹಿಗ್ಗು ಹೇಳತೀರದು. ಸಗಣಿಯ ಪುರಾಣಕ್ಕೆ ಊರೇ ಕೈಮುಗಿದ ದಿನವದು!

ಆರು ಮನೆಗೆ ಆರು ಮಕ್ಕಳ ಕಾವಲು, ಆರು ದಿನ. ಬಾವಿಕಟ್ಟೆಯ ಮೇಲೆ ಆರು ಮಣ್ಣಿನ ಕುಡಿಕೆ, ಪಕ್ಕದಲ್ಲಿ ಹುಣಸೆ ಬೀಜದ ಬುಟ್ಟಿ. ತಮ್ಮ ಪಾಲಿನ ಮನೆಯವರು ಒಂದು ಕೊಡ ಸೇದಿದರೆ ಅವರ ಕುಡಿಕೆಗೆ ಒಂದು ಬೀಜ. ನನ್ನ ಪಾಲಿಗೆ ಬಂದವಳು ಬಣ್ಣದವ್ವ. ಅತ್ತೆ ನನ್ನ ಗಲ್ಲ ಹಿಡಿದು, “ನೋಡವಾ, ಬೀಜ ಅಂದ್ರ ಸಾಕ್ಷಿ. ಕಂಡದ್ದು ಹಾಕು, ಕೇಳಿದ್ದು ಹಾಕಬ್ಯಾಡ” ಎಂದಳು.

ಮೊದಲ ದಿನ ಒಂದು ತಾಸು ಕಂಡದ್ದನ್ನೇ ಹಾಕಿದೆ. ಬಣ್ಣದವ್ವ ಎರಡು ಕೊಡ ಸೇದಿದಳು. ನನ್ನನ್ನು ನೋಡಿ ನಕ್ಕು, “ನನ್ನ ಕಾಯಾಕ ಕುಂತೀ ಏನು ಕೂಸ?” ಎಂದು ತನ್ನ ಸೆರಗಿನ ಗಂಟಿನಿಂದ ಒಂದೆಳೆ ಕೆಂಪು ನೂಲು ಬಿಚ್ಚಿ ನನ್ನ ಜಡೆಗೆ ಕಟ್ಟಿದಳು. ಹೋದಳು. ಆಮೇಲೆ ಬಹಳ ಹೊತ್ತು ಆಕೆ ಬರಲಿಲ್ಲ. ಬೇವಿನ ಗಿಡದ ಕೆಳಗೆ ಗೆಳತಿಯರ ಐದು ಕಲ್ಲಿನ ಆಟ ಕರೆಯಿತು. ಆಡಿದೆ. ಸಂಜೆ ಅತ್ತೆಯ ಹತ್ತಿರ ಕುಡಿಕೆ ಒಯ್ಯುವ ಹೊತ್ತಿಗೆ ನೋಡಿದರೆ ಉಳಿದವರ ಕುಡಿಕೆಗಳಲ್ಲಿ ಎಂಟು, ಹತ್ತು, ನನ್ನದರಲ್ಲಿ ಎರಡು! ಓಣಿಯೆಲ್ಲ ಹೇಳುವುದು ಸುಳ್ಳಿರುತ್ತದೆಯೇ? ನಾನು ಆಡುವಾಗ ಬಂದು ಸೇದಿರಬೇಕು. ಬುಟ್ಟಿಗೆ ಕೈ ಹಾಕಿದೆ, ಒಂದು ಹಿಡಿ ತೆಗೆದೆ, ಆ ಎರಡನ್ನೂ ಚೆಲ್ಲಿ ಹಿಡಿಯಷ್ಟನ್ನೂ ಕುಡಿಕೆಗೆ ಸುರಿದೆ.

ಮರುದಿನದಿಂದ ಕಾಯುವ ಕಷ್ಟವೂ ಬೇಡವಾಯಿತು. ಆಟ ಮುಗಿದ ಮೇಲೆ ಒಂದು ಹಿಡಿ.

ಅತ್ತೆ ಈ ಸಲ ದೊಡ್ಡ ಕುಳ್ಳು ಬಡಿಯಲಿಲ್ಲ. ನಿಜಾಮರ ಹಾಲಿ ರೂಪಾಯಿ ನಾಣ್ಯದಷ್ಟು ಅಗಲದ ಪುಟ್ಟ ಬಿಲ್ಲೆಗಳು. ಮನೆಗೆ ಆರು ಸಾಲು, ದಿನಕ್ಕೊಂದರಂತೆ. ಎಮ್ಮೆಗೇ ಬೇಸರ ಬರುವಷ್ಟು ಬಿಲ್ಲೆ! ಏಳನೆಯ ದಿನ ಓಣಿಯೇ ಹಿತ್ತಲಲ್ಲಿ ನೆರೆಯಿತು. ಯಾರೂ ಎಣಿಸಬೇಕಾಗಿಯೇ ಇರಲಿಲ್ಲ. ಬಣ್ಣದವ್ವನ ಸಾಲುಗಳು ಉಳಿದವರ ತಲೆಯ ಮೇಲೆ ಎದ್ದು ನಿಂತಿದ್ದವು. “ನಾವು ಹೇಳಿರಲಿಲ್ಲೇನು!” ಎಂದಳು ದೊಡ್ಡವ್ವ. ತೀರ್ಪಾಯಿತು: ಎಲ್ಲರೂ ಸೇದಿದ ಮೇಲೆ, ಹೊತ್ತು ಇಳಿದ ಮೇಲೆ, ಬಣ್ಣದವ್ವನ ಪಾಳಿ. ಆಕೆ ಗೋಡೆಯನ್ನು ನೋಡಿ, ಸೆರಗು ಎಳೆದುಕೊಂಡು ಹೋದಳು. ನಾನು ಜಡೆಯ ಕೆಂಪು ನೂಲನ್ನು ಕೈಯಲ್ಲಿ ಮುಚ್ಚಿಕೊಂಡೆ.

ಮೂರು ದಿನ ಆಕೆ ಖಾಲಿ ಕೊಡ ಇಟ್ಟುಕೊಂಡು ಅದೇ ಬೇವಿನ ಗಿಡದ ಕೆಳಗೆ ಕೂತಳು. ಆಕೆಯ ಪಾಳಿ ಬಂದಾಗ ಹಗ್ಗದ ತುದಿಗೆ ಬರುತ್ತಿದ್ದುದು ಅರ್ಧ ನೀರು, ಅರ್ಧ ರಾಡಿ. ನಾನು ಐದು ಕಲ್ಲಿನ ಆಟಕ್ಕೆ ಆ ಕಡೆ ಹೋಗುವುದನ್ನು ಬಿಟ್ಟೆ.

ನಾಲ್ಕನೆಯ ದಿನ ಆಕೆ ನಮ್ಮ ಹಿತ್ತಲಿಗೆ ಬಂದಳು. “ಅಕ್ಕಾರ, ನಿಮ್ಮ ಗ್ವಾಡಿ ಮುಂದ ನಾ ಸಣ್ಣಾಕಿ. ಆದ್ರ ಎಣಿಕಿ ನಡದಿದ್ದ ಗುರುವಾರ, ಶುಕ್ರವಾರ ನೂಲು ಕೊಡಾಕ ಯಲಬುರ್ಗಾಕ್ಕ ಹೋಗಿದ್ನಿರಿ. ನಮ್ಮತ್ತಿಗೆ ಪಕ್ಕದ ಮನ್ಯಾವ್ರು ನೀರು ಕೊಟ್ಟಾರ. ಊರಾಗಽ ಇಲ್ಲದಾಕಿ ಹೆಂಗ ಸೇದಿದ್ನಿ? ಮತ್ತ ಈ ಬಾವಿ ನೀರಿಗೆ ಬಣ್ಣ ಹಿಡಿಯೂದಿಲ್ಲರಿ. ನೂಲಿನ ನೀರು ನಾ ಹಳ್ಳದಿಂದ ತರ್ತೀನಿ.”

ಅತ್ತೆ ಎದ್ದು ಗೋಡೆಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಉಳಿದ ಐದು ಮನೆಗಳ ಸಾಲು ಹಲ್ಲುಬಿದ್ದ ಹುಡುಗರ ಬಾಯಿಯಂತೆ ಏರಿ ಇಳಿದಿದ್ದವು: ಅರಿವೆ ಒಗೆದ ದಿನ ಹದಿಮೂರು, ಬೀಗರು ಬಂದ ದಿನ ಹದಿನಾಲ್ಕು, ಸುಮ್ಮನಿದ್ದ ದಿನ ಆರು. ಬಣ್ಣದವ್ವನವು ಮಾತ್ರ ಕಟ್ಟಿಸಿದ ಕಟ್ಟೆಯಂತೆ ಸಮ: ಹದಿನೈದು, ಹದಿನಾಲ್ಕು, ಹದಿನೈದು, ಹದಿನೈದು, ಹದಿನಾರು, ಹದಿನೈದು.

“ಖರೇ ಲೆಕ್ಕ ಹಿಂಗ ಶಿಸ್ತಿನಿಂದ ನಿಂದ್ರೂದಿಲ್ಲ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಬಣ್ಣದವ್ವನನ್ನು ಕಳಿಸಿದಳು. ನನ್ನನ್ನು ಕರೆದು ಬೀಜದ ಬುಟ್ಟಿ ಮುಂದಿಟ್ಟಳು. “ಒಂದು ಹಿಡಿ ತಗಿ.”

ತೆಗೆದೆ. ಎಣಿಸಿದಳು. ಹದಿನೈದು.

“ಇನ್ನೊಂದು.”

ಹದಿನಾಲ್ಕು.

“ಇನ್ನೊಂದು.” ಹದಿನೈದು.

ನನ್ನ ಕೈಯನ್ನು ತನ್ನ ಕೈಯಲ್ಲಿ ತಿರುಗಿಸಿ ನೋಡಿದಳು. “ಹಂಗಾದ್ರ ಗ್ವಾಡಿ ಮ್ಯಾಲ ನಿಂತದ್ದು ಬಣ್ಣದವ್ವ ಅಲ್ಲ. ನಿನ್ನ ಮುಷ್ಟಿ.” ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು!

ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಬಾವಿಕಟ್ಟೆಗೆ ಹೋದಳು. ಇವತ್ತು ನನ್ನ ಹೆಸರು ಓಣಿಯ ಮುಂದೆ ಹರಾಜು ಎಂದು ಆಕೆಯ ಹಿಂದೆ ಅಡಗಿಕೊಂಡೆ. ಅತ್ತೆ ದನಿ ಎತ್ತಿ ಹೇಳಿದಳು: “ಎಲ್ಲಾರೂ ಕೇಳ್ರಿ. ಬಣ್ಣದವ್ವನ ಲೆಕ್ಕ ತಪ್ಪೈತಿ. ಎರಡು ದಿನ ಆಕಿ ಊರಾಗಽ ಇದ್ದಿಲ್ಲ. ಗ್ವಾಡಿಗೆ ಬಡದಾಕಿ ನಾನು, ತಪ್ಪು ನಂದು. ಇವತ್ತಿನಿಂದ ಮೊದಲ ಕೊಡ ಆಕಿದು.”

ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟಳು. “ಹಂಗಾರ ನಿಮ್ಮ ಲೆಕ್ಕ ಯಾವಾಗ್ಲೂ ಹಿಂಗಽ ಏನ್ರಿ ಅಕ್ಕಾರ!” ಓಣಿ ನಕ್ಕಿತು.

ನಾನು ಅತ್ತೆಯ ಮುಖ ನೋಡಿದೆ. ಈಗ ಕೇಳುತ್ತಾಳೆ, ‘ಯಾವಾಗ್ಲೂ ಅಂದ್ರ ಎಷ್ಟು ಸಲ’ ಎಂದು ಈಗ ಕೇಳುತ್ತಾಳೆ ಎಂದು ಕಾದೆ. ಆಕೆ ಕೇಳಲಿಲ್ಲ. ತಲೆ ಬಾಗಿಸಿದಳು. ನಾನು ಬಾಯಿ ತೆರೆಯಲು ಹೋದಾಗ ನನ್ನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಒತ್ತಿ ಹಿಡಿದಳು. ಅಷ್ಟಕ್ಕೇ ನಾನು ಬಾಯಿ ಮುಚ್ಚಿದೆನಲ್ಲ, ಅದನ್ನು ಯಾವ ಗೋಡೆಗೆ ಬಡಿಯಲಿ? ಮೊದಲ ಕೊಡ ಸೇದಿದ ಬಣ್ಣದವ್ವ ನನ್ನ ಕಣ್ಣು ನೋಡಿ, “ಯಾಕವಾ, ಅಳಾಕತ್ತೀದಿ?” ಎಂದು ಸೆರಗಿನಿಂದ ಒರೆಸಿದಳು. ಆಗಲೂ ಹೇಳಲಿಲ್ಲ. ಆಕೆ ಇದ್ದಷ್ಟು ಕಾಲವೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಓಣಿಯವರು ಅತ್ತೆಯನ್ನು ಯಾವ ಲೆಕ್ಕಕ್ಕೂ ಕರೆಯಲಿಲ್ಲ.

ಆ ಸಂಜೆ ಆಕೆ ಕುರುಪಿ ಹಿಡಿದು ಗೋಡೆಯನ್ನೆಲ್ಲ ಕೆರೆದು ಸಾಫು ಮಾಡುತ್ತಿದ್ದಳು. ನಾನು ಹಿಂದೆ ನಿಂತು ಬಿಕ್ಕಿದೆ. “ಅತ್ತಿ, ನಾ ಯಾವಾಗ್ಲೂ ಸುಳ್ಳಿ, ಅತ್ತಿ…”

ಕುರುಪಿ ನಿಂತಿತು. ಆಕೆ ತಿರುಗಿದಳು.

“ಯಾವಾಗ್ಲೂ ಅಂದ್ರ ಎಷ್ಟು ಸಲ?”

ಮೂಗೊರೆಸಿಕೊಂಡು ಬೆರಳು ಮಡಚಿ ಎಣಿಸಿದೆ. “ಆರು.”

“ಆರಂದ್ರ ಆರು. ಯಾವಾಗ್ಲೂ ಅಲ್ಲ” ಎಂದು ಸಗಣಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.

ಆರು ಕುಳ್ಳು ಬಡಿದೆ, ಗೆರೆಯ ಮೇಲಿಂದ, ಒಂದೇ ಅಳತೆಯವು. ಖಾಲಿ ಗೋಡೆಯ ಮೇಲೆ ಅದೊಂದೇ ಸಾಲು. ಯಾರದು ಎಂದು ಅಪ್ಪ ಕೇಳಿದ, ಅತ್ತೆ ಹೇಳಲಿಲ್ಲ. ಅವು ಒಣಗಿದ ದಿನ ನನ್ನ ಕೈಯಿಂದಲೇ ಕೀಳಿಸಿ, ಒಲೆಗಿಟ್ಟು, ಆ ಉರಿಯಲ್ಲಿ ರೊಟ್ಟಿ ಬಡಿದು ಸುಟ್ಟು ಬೆಣ್ಣೆ ಹಚ್ಚಿ ಹಚ್ಚಿ ನನ್ನ ತಾಟಿಗೆ ಹಾಕಿದಳು. ಒಂದೇ ರೊಟ್ಟಿಗೆ ಸಾಕೆನ್ನುತ್ತಿದ್ದ ನಾನು ಆ ದಿನ ಎಷ್ಟು ತಿಂದೆನೋ ನನಗೆ ಗೊತ್ತಿಲ್ಲ.

ಅತ್ತೆ ಎಣಿಸಲಿಲ್ಲ.