ಇಂಗ್ಲಿಷ್ ಹಾಡಿನ ಹಿರಿಯರಿಗೆ ಹೋಳಿಗೆ

ದೆವ್ವ ಬಂತು ಎನ್ನಿಸುವಂಥವು ಬೇರೆಯವರ ಮನೆಯಲ್ಲಿ ಎಂದೋ ಒಮ್ಮೆ ನಡೆಯುತ್ತವೆ, ನಮ್ಮ ಮನೆಯಲ್ಲಿ ನಿಲ್ಲುವುದೇ ಇಲ್ಲ. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ದೆವ್ವ ಭೂತ ಇಲ್ಲ ಎಂದು ಮಕ್ಕಳಿಗೆ ಹೇಳುವುದು ನನ್ನ ಹೊಟ್ಟೆಪಾಡು. ಚಟ ಮಾತ್ರ ಬೇರೆ. ಅಮೆರಿಕ, ಇಂಗ್ಲೆಂಡುಗಳ ಹಳೆಯ ರಾಕ್, ಸೋಲ್, ಫಂಕ್, ಪಾಪ್ ಹಾಡುಗಳ ಕಪ್ಪು ರೆಕಾರ್ಡುಗಳನ್ನು ಕೂಡಿಹಾಕುತ್ತೇನೆ. ಭಾನುವಾರ ಸಂಜೆ ಪಡಸಾಲೆಯಲ್ಲಿ ಅವನ್ನು ಹಚ್ಚಿ, ಯಾವ ಹಾಡು ಎಲ್ಲಿ ಹುಟ್ಟಿತು, ಯಾರಿಂದ ಯಾರು ಕಲಿತರು ಎಂದು ಚರಿತ್ರೆ ಹೇಳುತ್ತೇನೆ. ಕೇಳುವವರು ಇಬ್ಬರೇ. ಒಬ್ಬರು ಪಕ್ಕದ ಮನೆಯ ಚಾಚಾ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಇನ್ನೊಬ್ಬಳು ಅಡುಗೆಮನೆ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುವ ನನ್ನ ಅವ್ವ.

ಮೈಯಲ್ಲಿ ಬಂದವರು

ಬಬಲೇಶ್ವರದ ಗೆಳೆಯನೊಬ್ಬನ ಅಟ್ಟದಲ್ಲಿ ಒಂದು ಸಣ್ಣ ರೆಕಾರ್ಡು ಸಿಕ್ಕಿತು. ಹಾಡಿದವಳು ಅಮೆರಿಕದ ಚರ್ಚಿನಲ್ಲಿ ಹಾಡಿ ಬೆಳೆದ ಹೆಣ್ಣುಮಗಳು. ಸೋಲ್ ಸಂಗೀತ ಹುಟ್ಟಿದ್ದೇ ಅಂಥ ಚರ್ಚುಗಳ ಭಜನೆಯಿಂದ ಎಂದು ಪೀಠಿಕೆ ಹಾಕಿ ಹಚ್ಚಿದೆ. ಸಣ್ಣ ರೆಕಾರ್ಡು ಜೋರಾಗಿ ತಿರುಗಬೇಕು, ನಾನು ದೊಡ್ಡ ರೆಕಾರ್ಡಿನ ನಿಧಾನದ ವೇಗಕ್ಕೇ ಬಿಟ್ಟಿದ್ದೆ. ಒಳಗಿನಿಂದ ಒಬ್ಬ ಗಂಡಸು ಬಾವಿಯ ತಳದಲ್ಲಿ ಕೂತು ನರಳಿದಂತೆ ದನಿ ಬಂತು. ಕವರಿನ ಮೇಲೆ ಹೂವು ಮುಡಿದ ಹೆಣ್ಣಿನ ಚಿತ್ರ. ಚಾಚಾ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು.

ಅವ್ವ ಜೋಳದ ಮೊರ ಕೆಳಗಿಟ್ಟು, "ಪಾಪ, ಈಕಿ ಮೈಯಾಗ ಯಾವನೋ ಬಂದಾನ" ಎಂದಳು.

ನಾನು ತಪ್ಪು ತಿಳಿದು ವೇಗದ ಗುಂಡಿ ತಿರುಗಿಸಿದೆ. ಗಂಡಸಿನ ನರಳಿಕೆ ಏರುತ್ತ ಏರುತ್ತ ಎಲ್ಲರ ಕಣ್ಣೆದುರೇ ಹೆಣ್ಣಿನ ದನಿಯಾಯಿತು. ಅವ್ವ ಗೋಡೆಯ ಮೇಲಿನ ದೇವರಿಗೆ ಕೈ ಮುಗಿದು ಹೇಳಿದಳು, "ಈಗ ಬಿಟ್ಟು ಹೋದ ನೋಡು."

ದ್ರಾಕ್ಷಿ ತೋಟದ ಕೂಗು

ನಮ್ಮ ಸಾಲೆಯ ಡ್ರಾಯಿಂಗ್ ಮಾಸ್ತರರದು ತಿಕೋಟಾ ದಾಟಿ ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟ. "ಹಕ್ಕಿ ಕಾಟ ಭಾಳ ಆಗೈತ್ರಿ. ಪಟಾಕಿಗೂ ಹೆದರವಲ್ವು" ಎಂದರು. ನಾನು ಹುಮ್ಮಸ್ಸಿನಿಂದ ಇಂಗ್ಲೆಂಡಿನ ಗಟ್ಟಿ ರಾಕ್ ತಂಡವೊಂದರ ಹಾಡನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ಅದರಲ್ಲಿ ಗಾಯಕ ಉಸಿರು ಕಟ್ಟುವವರೆಗೆ ಒಂದೇ ಸಮನೆ ಚೀರುತ್ತಾನೆ. ಹಕ್ಕಿಗಳು ಒಂದಕ್ಕೇ ರೂಢಿಯಾಗಬಾರದೆಂದು ಜೊತೆಗೆ ಕುಣಿಸುವ ತಾಳದ ಒಂದು ಫಂಕ್ ಹಾಡನ್ನೂ ಹಾಕಿದೆ. ಮಾಸ್ತರರು ಬಳ್ಳಿಗಳ ನಡುವೆ ಸ್ಪೀಕರು ಕಟ್ಟಿ, ಬೆಳಿಗ್ಗೆ ತಾನಾಗಿಯೇ ಸುರುವಾಗುವಂತೆ ಮಾಡಿದರು. ಆಳುಗಳಿಗೆ ಹೇಳುವುದನ್ನು ಮರೆತರು.

ಮರುದಿನ ಗೊನೆ ಕತ್ತರಿಸಲು ಹೆಣ್ಣಾಳುಗಳು ತೋಟಕ್ಕೆ ಬಂದಾಗ ಮಂಜು ಬಿದ್ದಿತ್ತಂತೆ. ಸುತ್ತ ನರಪಿಳ್ಳೆ ಇಲ್ಲ. ಎಲೆಗಳ ಒಳಗಿಂದ ಒಬ್ಬ ಗಂಡಸು ಜೀವ ಹೋಗುವಂತೆ ಚೀರಿದ. ಕತ್ತರಿ, ಬುಟ್ಟಿ, ಬುತ್ತಿಗಂಟು ಎಲ್ಲ ಅಲ್ಲೇ ಬಿದ್ದವು. ಆಮೇಲೆ ಫಂಕ್ ಸುರುವಾಯಿತು. ಮೈನಾಗಳು ಸಾಲಾಗಿ ತಂತಿಯ ಮೇಲೆ ಬಂದು ಕೂತು ತಲೆ ಆಡಿಸತೊಡಗಿದವು.

ವಾರದ ನಂತರ ಮಾಸ್ತರರು ನನ್ನನ್ನು ಸ್ಟಾಫ್ ರೂಮಿನಲ್ಲಿ ಹಿಡಿದರು. "ಹಕ್ಕಿ ದಿನಾ ಬರಾಕತ್ಯಾವ್ರಿ. ಆಳು ಬರವಲ್ರು."

ಅರ್ಧಕ್ಕೆ ನಿಂತವನು

ರಾಕ್ ಚರಿತ್ರೆಯಲ್ಲಿ ಒಂದು ತೊಂದರೆಯಿದೆ. ಯಾರ ಕತೆ ಎತ್ತಿದರೂ ಕೊನೆಗೆ ಹೆಣ ಬೀಳುತ್ತದೆ. ಒಬ್ಬ ವಿಮಾನ ಬಿದ್ದು ಹೋದ, ಒಬ್ಬ ನಶೆಯಲ್ಲಿ ಹೋದ, ಒಬ್ಬ ನೀರಲ್ಲಿ ಹೋದ. ನಾನು ಕತೆ ಮುಗಿಸುವ ಮೊದಲೇ ಅವ್ವ ಬಾಗಿಲಿಂದ ಕೇಳುತ್ತಿದ್ದಳು, "ಇಂವಾ ಹ್ಯಾಂಗ ಸತ್ತ?" ಒಂದು ಭಾನುವಾರ ಬೇಸತ್ತು, "ಬದುಕಿದ್ದವರು ಒಬ್ಬರೂ ಹಾಡೂದಿಲ್ಲೇನೋ ತಮ್ಮಾ?" ಎಂದಳು.

ಅದೇ ವಾರ ಮಧ್ಯಾಹ್ನ ನಾನು ಎಂದೋ ತೀರಿಕೊಂಡ ಗಿಟಾರು ವಾದಕನೊಬ್ಬನ ಹಾಡು ಕೇಳುತ್ತಿರುವಾಗ ಕರೆಂಟು ಹೋಯಿತು. ದನಿ ಎಳೆದಾಡಿ, ದಪ್ಪವಾಗಿ, ಮಾತಿನ ನಡುವೆಯೇ ಸತ್ತಿತು. ನಾನು ಗುಂಡಿ ಆರಿಸುವುದನ್ನು ಮರೆತು ಹಾಗೆಯೇ ಪೇಟೆಗೆ ಹೋದೆ. ಅವ್ವ ಒಬ್ಬಳೇ ಇದ್ದಳು. ಯಾರೂ ಇಲ್ಲದ ಪಡಸಾಲೆಯಲ್ಲಿ ಮೊದಲು ಒಂದು ನರಳಿಕೆ ಎದ್ದಿತಂತೆ, ನಂತರ ಅದು ಮನುಷ್ಯನ ದನಿಯಾಗಿ, ಬಿಟ್ಟ ಮಾತಿನಿಂದಲೇ ಮುಂದೆ ಹಾಡಿತಂತೆ.

ನಾನು ಬಂದಾಗ ಅವ್ವ ರೆಕಾರ್ಡ್ ಪ್ಲೇಯರಿನ ಎದುರು ಕೂತಿದ್ದಳು. ಕರೆಂಟು ಮರಳಿ ಬಂತು, ಮೋಟಾರು ತಿರುಗಿತು ಎಂದು ನಾನು ವಿಜ್ಞಾನ ಬಿಚ್ಚಿದೆ. ಅವಳು ಪೂರ್ತಿ ಕೇಳಿ ಹೇಳಿದಳು, "ಅದೆಲ್ಲಾ ಖರೇ ಐತಿ. ಆದ್ರ ಸತ್ತವರನ್ನ ದಿನಾ ಹಾಡಸ್ತಿ, ಒಂದ ತುತ್ತು ಹಾಕೂದಿಲ್ಲ. ಅದಕ್ಕ ನರಳತಾನ."

ಮುಂಗಡ

ಮಾನೌಮಿ ಅಮಾವಾಸ್ಯೆಗೆ, ಅಂದರೆ ಮಹಾಲಯದ ದಿನ, ನಮ್ಮಲ್ಲಿ ಹಿರಿಯರಿಗೆ ಎಡೆ ಹಿಡಿಯುವ ಪದ್ಧತಿ. ತೀರಿಕೊಂಡವರ ಫೋಟೋ ಇಟ್ಟು, ಹೋಳಿಗೆ ಬಡಿಸಿ, ಆಮೇಲೆ ಮಾಳಿಗೆಯ ಮೇಲೆ ಕಾಗೆಗೆ ಇಡುತ್ತೇವೆ. ಕಾಗೆ ಮುಟ್ಟಿದರೆ ಸತ್ತವರು ಉಂಡರು ಎಂದು ಲೆಕ್ಕ. ಆ ವರ್ಷ ಅಪ್ಪ, ಅಜ್ಜ, ಅಜ್ಜಿಯರ ಸಾಲಿನ ಪಕ್ಕದಲ್ಲಿ ಅವ್ವ ನನ್ನ ರೆಕಾರ್ಡು ಕವರುಗಳನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಎಲ್ಲರ ಹಣೆಗೂ ವಿಭೂತಿ.

"ಯವ್ವಾ, ಈ ಮುದುಕ ಇನ್ನೂ ಬದುಕ್ಯಾನ ಬೇ" ಎಂದು ನಾನು ಒಬ್ಬ ಪಾಪ್ ಗಾಯಕನ ಕವರು ತೋರಿಸಿದೆ.

"ಇರಲಿ ಬಿಡು, ಮುಂಗಡ."

ಹಬ್ಬ ಕಳೆದು ತಿಂಗಳಾಗಿರಲಿಲ್ಲ, ಆತ ತೀರಿಕೊಂಡ ಸುದ್ದಿ ಮೊಬೈಲಿಗೆ ಬಂತು. ಇಳಿವಯಸ್ಸಾಗಿತ್ತು, ಕಾಯಿಲೆಯಿತ್ತು ಎಂದು ನನಗೆ ನಾನೇ ಪಾಠ ಹೇಳಿಕೊಂಡು ಅವ್ವನಿಗೆ ತಿಳಿಸಿದೆ. ಅವಳು ಸಮಾಧಾನದ ಉಸಿರು ಬಿಟ್ಟಳು. "ಉಪವಾಸ ಹೋಗಲಿಲ್ಲ, ಉಂಡ ಹೋದ."

ಎರಡು ಹೆಚ್ಚಿನ ಹೋಳಿಗೆ

ಹೀಗಾಗಿ ಮರುವರ್ಷ ನಾನು ಬದುಕಿರುವ ಗಾಯಕರ ಕವರುಗಳನ್ನೆಲ್ಲ ಆರಿಸಿ ಟ್ರಂಕಿನಲ್ಲಿ ಹಾಕಿ ಕೀಲಿ ಜಡಿದೆ. ಅವ್ವ ಉಳಿದವರಿಗೆ ಎಡೆ ಹಿಡಿದು, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಬಾಳೆ ಎಲೆ ಮಾಳಿಗೆಯ ಮೇಲೆ ಇಟ್ಟು ಬಂದಳು. ಪೇಟೆಯಿಂದ ಬಂದ ನಾನು ಫೋಟೋಗಳ ಸಾಲಿಗೆ ನಮಸ್ಕಾರ ಮಾಡುತ್ತ ಹೋದೆ. ಕೊನೆಯಲ್ಲಿ ಒಂದು ಮಾಸಿದ ಫೋಟೋ ಇತ್ತು. ಭುಜದವರೆಗೆ ಕೂದಲು, ಅರ್ಧ ಮುಚ್ಚಿದ ಕಣ್ಣು, ಕೊರಳಲ್ಲಿ ಗಿಟಾರು, ಹಣೆಯಲ್ಲಿ ವಿಭೂತಿ.

"ಇದು ಯಾವದಾಗ ಇತ್ತು ಬೇ?"

"ಒಂದು ಕವರಿನ ಒಳಗಿತ್ತು. ಈ ಹುಡುಗ ಭಾಳ ಸೊರಗ್ಯಾನ, ಪಾಪ. ಯಾರ ಹಡದ ಮಗನೋ ಅಂತ ಎರಡು ಹೋಳಿಗಿ ಹೆಚ್ಚಿಗಿ ಇಟ್ಟೀನಿ."

"ಯವ್ವಾ, ಇದು ನಾನು. ಕಾಲೇಜಿನ್ಯಾಗ ತೆಗಸಿದ್ದು."

ಅವ್ವ ಚಾಳೀಸು ಹಾಕಿಕೊಂಡು ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಮ್ಯಾಲ ಓಡು" ಎಂದಳು. "ಕಾಗಿ ಮುಟ್ಟೂದ್ರಾಗ ನೀನ ತಿಂದ ಬಿಡು."

ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಮಾಳಿಗೆಯ ಕಟ್ಟೆಯ ತುಂಬ ಕಾಗೆಗಳು ಸದ್ದಿಲ್ಲದೆ ಕೂತಿದ್ದವು. ಅಪ್ಪನ ಎಲೆಯನ್ನಾಗಲಿ ಆ ದೊಡ್ಡ ದೊಡ್ಡ ಗಾಯಕರ ಎಲೆಯನ್ನಾಗಲಿ ಒಂದೂ ಮುಟ್ಟಿರಲಿಲ್ಲ. ಒಂದು ಮಾತ್ರ ಕೆಳಗಿಳಿದು, ಅತ್ತಿತ್ತ ನೋಡದೆ, ಎರಡು ಹೋಳಿಗೆ ಹೆಚ್ಚಿದ್ದ ನನ್ನ ಎಲೆಯ ಕಡೆಗೇ ಹೆಜ್ಜೆ ಹಾಕುತ್ತಿತ್ತು. ನಾನು ಅದನ್ನು ಓಡಿಸಿ, ಎಲೆಯನ್ನು ಎದೆಗೆ ಅವುಚಿಕೊಂಡು, ಎರಡೂ ಕೈಯಿಂದ ಹೋಳಿಗೆ ತುರುಕಿಕೊಳ್ಳತೊಡಗಿದೆ. ಕಾಗೆ ಎರಡು ಮೊಳ ದೂರ ನಿಂತು ನೋಡುತ್ತಿತ್ತು.

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಚಾಚಾ ನಿಂತೇಬಿಟ್ಟರು. "ಮಾಸ್ತರ, ಏನ್ರಿ ಇದು? ಸತ್ತವರ ಪಾಲು ಕಾಗಿಗೆ ಬಿಡಬೇಕಲ್ರಿ?"

ನಾನು ತುಂಬಿದ ಬಾಯಲ್ಲಿಯೇ ಹೇಳಿದೆ, "ಚಾಚಾ, ಇದು ನಂದ ಎಡಿ."

ಚಾಚಾ ನನ್ನನ್ನು ನೋಡಿದರು, ಕಾಗೆಯನ್ನು ನೋಡಿದರು.

"ಹಂಗಿದ್ರ ಸಾವಕಾಶ ತಿನ್ರಿ. ಗಂಟಲಾಗ ಸಿಕ್ಕೊಂಡು ಎಡಿ ಖರೇ ಆದೀತು."