ನಮ್ಮನೆಯವರ ಖಾಸಗಿತನ

ಓಟ್ಮಾರ್ ಬಾಡರನ ಮನೆಯಲ್ಲಿ ಕಾನೂನಿನ ಕೈಗೆ ಸಿಗದೆ ಉಳಿದಿದ್ದದ್ದು ಒಂದೇ ಒಂದು: ಹೆಂಡತಿಯ ಬ್ಲಾಗು. ಮಿಕ್ಕದ್ದೆಲ್ಲ ಶಿಸ್ತಾಗಿತ್ತು. ಬೇಲಿಯ ಎತ್ತರ ನಿಯಮ ಹೇಳಿದಷ್ಟೇ ಇತ್ತು, ಹಸಿ ಕಸದ ಡಬ್ಬಿಗೆ ಹಸಿ ಕಸವೇ ಬೀಳುತ್ತಿತ್ತು, ಭಾನುವಾರ ಅವನ ಅಂಗಳದಿಂದ ಸುತ್ತಿಗೆಯ ಸದ್ದು ಕೇಳಿದವರೇ ಇರಲಿಲ್ಲ. ಔಗ್ಸ್‌ಬುರ್ಗಿನ ಪಕ್ಕದ ಆ ಪುಟ್ಟ ಊರಿನ ನಗರಸಭೆಯಲ್ಲಿ ಕಟ್ಟಡದ ಪರವಾನಗಿ ಕೊಡುವ (ಹೆಚ್ಚಾಗಿ ಕೊಡದಿರುವ) ಅಧಿಕಾರಿಯಾಗಿ ನಿವೃತ್ತನಾದವನ ಮನೆ ಇನ್ನು ಹೇಗಿರಬೇಕು?

ಬ್ಲಾಗಿನ ಹೆಸರು 'ಟ್ರೌಡಿಯ ಒಲೆ'. ಹತ್ತು ವರ್ಷದಿಂದ ಪ್ರತಿ ಶುಕ್ರವಾರ ಟ್ರೌಡಿ ಅಡುಗೆಮನೆಯ ಮೇಜಿನ ಮುಂದೆ ಕೂತು ಏನೋ ಕುಟ್ಟುತ್ತಿದ್ದಳು, ನಡುನಡುವೆ ಓಟ್ಮಾರನತ್ತ ನೋಡಿ ತನ್ನಷ್ಟಕ್ಕೆ ನಗುತ್ತಿದ್ದಳು. ಅವನು ಅದನ್ನು ಒಂದು ದಿನವೂ ಓದಿದವನಲ್ಲ. "ಮಾಡಿದ್ದನ್ನೆಲ್ಲ ನಾನೇ ತಿಂದಿರ್ತೀನಿ. ಮತ್ತೆ ಅದ್ರಲ್ಲಿ ಓದೋದು ಬೇರೆ ಏನಿದೆ?" ಎಂಬುದು ಅವನ ವಾದ. ವಾದದಲ್ಲಿ ಅವನನ್ನು ಗೆದ್ದವರು ಆ ಊರಲ್ಲಿ ಕಡಿಮೆ. (ಟ್ರೌಡಿ ಲೆಕ್ಕಕ್ಕಿಲ್ಲ, ಅವಳು ದಿನಾ ಗೆಲ್ಲುತ್ತಿದ್ದಳು.)

ಈ ವರ್ಷ ಬ್ಲಾಗಿಗೆ ಹತ್ತು ತುಂಬುತ್ತದೆಂದು ಟ್ರೌಡಿ ಒಂದು ದೊಡ್ಡ ಆಸೆ ಇಟ್ಟುಕೊಂಡಿದ್ದಳು. ಇಷ್ಟು ವರ್ಷ ಬರೀ ಅಕ್ಷರದಲ್ಲಿ ಮಾತಾಡಿದ ಓದುಗರನ್ನೆಲ್ಲ ಮನೆಯ ತೋಟಕ್ಕೆ ಕರೆಯಬೇಕು, ಅಂಗಳದ ಪ್ಲಮ್ ಮರದ ಹಣ್ಣಲ್ಲೇ ಡಾಚಿ ಮಾಡಿ ಬಡಿಸಬೇಕು. ಹುದುಗು ಬಂದ ಹಿಟ್ಟನ್ನು ತಟ್ಟೆಯಲ್ಲಿ ಹರಡಿ, ಸೀಳಿದ ಹಣ್ಣನ್ನು ಒತ್ತೊತ್ತಾಗಿ ನಿಲ್ಲಿಸಿ ಬೇಯಿಸುವ ಡಾಚಿಗೆ ಅವಳ ಕೈಯೇ ಆಗಬೇಕು. 'ಸೆಪ್ಟೆಂಬರಿನ ಕೊನೆಯ ಭಾನುವಾರ, ಕಾಫಿ ಹೊತ್ತಿಗೆ. ಮನೆಯ ವಿಳಾಸ ಮೇಲ್‌ನಲ್ಲಿ ಕಳಿಸುತ್ತೇನೆ' ಎಂದು ಬ್ಲಾಗಿನಲ್ಲಿ ಬರೆದೂ ಬಿಟ್ಟಳು.

"ಉಲ್ಮಿನ ಕ್ರೆಸೆನ್ಸ್ ಅಜ್ಜಿ ಬರ್ತಾರಂತೆ ಓಟಿ! ಅವ್ರ ಮುಖ ಒಂದ್ಸಲ ನೋಡ್ಬೇಕು ಅಂತ ಎಷ್ಟ್ ದಿನದಿಂದ ಕಾಯ್ತಿದ್ದೀನಿ ಗೊತ್ತಾ?" ಎಂದು ಅವಳು ಮದುವೆಮನೆಯ ಹುಮ್ಮಸ್ಸಿನಲ್ಲಿ ಓಡಾಡುತ್ತಿದ್ದಳು.

ಇದರ ಮಧ್ಯೆ ಓಟ್ಮಾರ್ ಎಂದಿನಂತೆ ಗುರುವಾರ ಊರ ಪಾನಗೃಹದಲ್ಲಿ ಗೆಳೆಯರ ಖಾಯಂ ಮೇಜಿಗೆ ಬಿಯರು ಕುಡಿಯಲು ಹೋದ. ಅಲ್ಲಿ ಗೆಳೆಯ ಕ್ಸೇವರ್ ಮುಖ ಇಳಿಬಿಟ್ಟುಕೊಂಡು ಕೂತಿದ್ದ.

"ನನ್ ನಾದಿನಿಯ ವಸತಿಗೃಹದ ವೆಬ್‌ಸೈಟಿಗೆ ವಕೀಲರ ನೋಟಿಸ್ ಬಂತು ಕಣೋ. ಜನರ ಮಾಹಿತಿ ಒಪ್ಪಿಗೆ ಇಲ್ದೆ ಇಟ್ಕೊಂಡಿದ್ಳಂತೆ."

"ಪಾಪ," ಎಂದ ಓಟ್ಮಾರ್, ಕಾನೂನು ಮುರಿದವರ ಬಗ್ಗೆ ಅವನಿಗೆ ಇರುವಷ್ಟು ಕನಿಕರದಲ್ಲಿ.

"ಪಾಪ ಅನ್ಬೇಡ. ನಿನ್ ಹೆಂಡ್ತಿ ಬ್ಲಾಗಿದೆಯಲ್ಲ, ಓದೋರ ಹೆಸ್ರು, ಮೇಲ್ ವಿಳಾಸ ಇಟ್ಕೊಂಡಿದ್ದಾಳೋ ಇಲ್ವೋ?"

ಓಟ್ಮಾರನಿಗೆ ಬಿಯರು ನೆತ್ತಿಗೇರಿತು, ಕೆಮ್ಮಿನ ರೂಪದಲ್ಲಿ. ಲೋಟದಲ್ಲಿ ಉಳಿದದ್ದನ್ನು ಹಾಗೇ ಬಿಟ್ಟು ಎದ್ದುಬಂದ. ಅಂಥದ್ದು ಆ ಮೇಜಿನಲ್ಲಿ ಹಿಂದೆಂದೂ ನಡೆದಿರಲಿಲ್ಲ.

"ಟ್ರೌಡಿ! ನಿನ್ ಹತ್ರ ಎಷ್ಟ್ ಜನರ ವೈಯಕ್ತಿಕ ಮಾಹಿತಿ ಇದೆ?"

"ನಿನ್ನೊಬ್ಬನ್ದೇ ಸಾಕಷ್ಟಿದೆ," ಎಂದಳು ಟ್ರೌಡಿ, ಹಿಟ್ಟು ನಾದುತ್ತಾ.

"ತಮಾಷೆ ಅಲ್ಲ. ನಿನ್ ಓದುಗರು ಒಪ್ಪಿಗೆ ಕೊಟ್ಟಿದ್ದಾರಾ?"

"ಅವ್ರೇ ವಿಳಾಸ ಕೊಟ್ಟು ಪ್ರತಿ ವಾರ ಕಳ್ಸಿ ಅಂದಿದ್ದಾರಪ್ಪ."

"ಅಂದ್ರೆ ಸಾಲ್ದು. ಸುಮ್ನಿರೋದು ಒಪ್ಪಿಗೆ ಅಲ್ಲ. ತಲೆ ಆಡ್ಸೋದೂ ಸಾಲ್ದು. ಯಾವ ಉದ್ದೇಶಕ್ಕೆ ಅಂತ ತಿಳ್ಕೊಂಡು, ತಾನಾಗೇ, ಸ್ಪಷ್ಟವಾಗಿ ಹೇಳ್ಬೇಕು. ಬೇಡ ಅನ್ಸಿದಾಗ ವಾಪಸ್ಸೂ ತಗೋಬಹುದು."

"ಹೌದಾ? ನಮ್ ಮದ್ವೇಲಿ ಇಷ್ಟೆಲ್ಲ ಕೇಳ್ಳೇ ಇಲ್ವಲ್ಲ!"

ಓಟ್ಮಾರ್ ಈ ಆಕ್ಷೇಪಣೆಯನ್ನು ದಾಖಲಿಸಿಕೊಳ್ಳಲಿಲ್ಲ. ಮರುದಿನವೇ ಬ್ಲಾಗ್ ಶುದ್ಧೀಕರಣ ಮಹಾಯಜ್ಞ ಆರಂಭವಾಯಿತು. ಮೊದಲು ಬ್ಲಾಗಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ಬಿತ್ತು. ಹತ್ತು ವರ್ಷದ ಬರಹವೆಲ್ಲ ಅದರ ಹಿಂದೆ ಮರೆಯಾಯಿತು. ಮುಂದೆ ಉಳಿದದ್ದು ಎರಡೇ: ಯಾರೂ ಓದಲಾಗದಷ್ಟು ಉದ್ದದ ಖಾಸಗಿತನದ ಘೋಷಣೆ, ಮತ್ತು ಬ್ಲಾಗಿಗೆ ಯಾರು ಜವಾಬ್ದಾರರು ಎಂದು ಹೆಸರು, ವಿಳಾಸ ಸಮೇತ ಹೇಳುವ ಪುಟ.

"ನನ್ ಬ್ಲಾಗು, ನನ್ ಹೆಸ್ರು ಹಾಕು," ಎಂದಳು ಟ್ರೌಡಿ.

"ಜವಾಬ್ದಾರಿ ಅಂದ್ರೆ ಹುಡುಗಾಟ ಅಲ್ಲ ಟ್ರೌಡಿ. ನಾಳೆ ನೋಟಿಸ್ ಬಂದ್ರೆ ಎದುರಿಸೋರು ಯಾರು?" ಎಂದು ಎದೆಯುಬ್ಬಿಸಿ ಓಟ್ಮಾರ್ ತನ್ನ ಪೂರ್ತಿ ಹೆಸರು, ಬೀದಿ, ಮನೆ ನಂಬರು, ಫೋನ್ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದ. ನೋಡಲು ಚೆನ್ನಾಗಿತ್ತು. ನಿವೃತ್ತಿಯಾದ ಮೇಲೆ ಅವನ ಹೆಸರು ಅಷ್ಟು ದಪ್ಪವಾಗಿ ಎಲ್ಲೂ ಬಂದಿರಲಿಲ್ಲ.

ಆಮೇಲೆ ಓದುಗರ ಒಪ್ಪಿಗೆ. ಅದಕ್ಕೊಂದು ಮೇಲ್ ಹೋಗಬೇಕಿತ್ತು. ಟ್ರೌಡಿ ಬರೆದಿದ್ದರೆ 'ಪ್ರೀತಿಯ ಗೆಳತಿಯರೇ' ಎಂದು ಶುರುವಾಗುತ್ತಿತ್ತು. ಬರೆದವನು ಓಟ್ಮಾರ್: 'ಮಾನ್ಯ ದತ್ತಾಂಶ-ಸಂಬಂಧಿತ ವ್ಯಕ್ತಿಗಳೇ, ಈ ಕೆಳಕಂಡ ಕೊಂಡಿಯನ್ನು ನಿಗದಿತ ಅವಧಿಯೊಳಗೆ ಒತ್ತತಕ್ಕದ್ದು. ತಪ್ಪಿದಲ್ಲಿ ತಮ್ಮನ್ನು ಯಾವ ಮುನ್ಸೂಚನೆಯೂ ಇಲ್ಲದೆ ಅಳಿಸಲಾಗುವುದು.'

ಆ ದೇಶದ ಜನ ಎಂಥವರೆಂದರೆ, ಗೊತ್ತಿಲ್ಲದ ಕೊಂಡಿ ಒತ್ತಬಾರದೆಂದು ಸರ್ಕಾರ, ಬ್ಯಾಂಕು, ಮೊಮ್ಮಕ್ಕಳು ಎಲ್ಲರೂ ಹೇಳಿ ಹೇಳಿ ಹದ ಮಾಡಿಟ್ಟವರು. ಒಬ್ಬರೂ ಒತ್ತಲಿಲ್ಲ. ಅವಧಿ ಮುಗಿಯಿತು. ಓಟ್ಮಾರ್ ಮಾತಿಗೆ ತಪ್ಪದವನು, ಅಳಿಸಿದ.

ಭಾನುವಾರ ಹತ್ತಿರ ಬಂದಾಗ ಟ್ರೌಡಿ ವಿಳಾಸ ಕಳಿಸಲು ಕೂತಳು. ಎಲ್ಲ ಖಾಲಿ.

"ಓಟ್ಮಾರ್, ನನ್ ಜನ ಎಲ್ಲಿ?"

"ಕಾನೂನುಬದ್ಧವಾಗಿ ಅಳ್ಸಿದ್ದೀನಿ."

"ಎಲ್ರನ್ನೂ?"

"ಒಬ್ರೂ ಒಪ್ಪಿಗೆ ಕೊಡ್ಲಿಲ್ಲ."

"ವಾಪಸ್ ತಾ."

"ವಾಪಸ್ ತರೋಕಾದ್ರೆ ಅದು ಅಳ್ಸಿದ್ದೇ ಅಲ್ಲ!" ಎಂದು ಓಟ್ಮಾರ್ ಹೆಮ್ಮೆಯಿಂದ ಹೇಳಿದ. ಹೇಳಿ ಹೆಂಡತಿಯ ಮುಖ ನೋಡಿದ. ಹೆಮ್ಮೆ ಅರ್ಧದಲ್ಲೇ ಇಳಿದುಹೋಯಿತು. ಟ್ರೌಡಿ ಬೈದಿದ್ದರೆ ಅವನಿಗೆ ಅಭ್ಯಾಸವಿತ್ತು. ಅವಳು ಬೈಯಲಿಲ್ಲ. ಎದ್ದುಹೋಗಿ ಬುಟ್ಟಿಯಲ್ಲಿದ್ದ ಪ್ಲಮ್ ಹಣ್ಣುಗಳನ್ನು ತೊಳೆಯತೊಡಗಿದಳು, ಆಗಲೇ ತೊಳೆದಿಟ್ಟವನ್ನೇ.

ಓಟ್ಮಾರ್ ದುರಸ್ತಿಯ ಫಲಕವನ್ನಾದರೂ ತೆಗೆದು, ಬ್ಲಾಗಿನಲ್ಲೇ ಕರೆಯೋಲೆ ಹಾಕೋಣವೆಂದು ಹೊರಟ. ಹಾಕಲು ಬಂದ ಫಲಕ ತೆಗೆಯಲು ಬರಲಿಲ್ಲ. ಬ್ಲಾಗು ಕಟ್ಟಿಕೊಟ್ಟಿದ್ದ ಮನುಷ್ಯ ಇಟಲಿಯ ಸರೋವರದ ದಡದಲ್ಲಿ ರಜೆಯಲ್ಲಿದ್ದ, ರಜೆಯಲ್ಲಿ ಕೆಲಸದ ಫೋನು ಎತ್ತದಿರುವ ಹಕ್ಕನ್ನು ಪೂರ್ತಿಯಾಗಿ ಚಲಾಯಿಸುತ್ತಿದ್ದ. ಇತ್ತ ಮನೆಯ ಫೋನು ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು.

"ಎತ್ಲಾ?" ಎಂದಳು ಟ್ರೌಡಿ.

"ಬೇಡ ಬೇಡ! ಗೊತ್ತಿಲ್ದ ನಂಬರು. ಯಾರೋ ನಮ್ ಮಾಹಿತಿ ಕದಿಯೋಕೆ ಹೊಂಚು ಹಾಕ್ತಿದ್ದಾರೆ," ಎಂದ ಓಟ್ಮಾರ್.

ಭಾನುವಾರ ಬಂತು. ಹಣ್ಣು ಕಾಯುವುದಿಲ್ಲವಲ್ಲ, ಟ್ರೌಡಿ ಡಾಚಿ ಮಾಡಿದಳು. ಒಂದು ತಟ್ಟೆ ಸಾಕೆಂದು ಶುರು ಮಾಡಿದವಳು ಕೈ ತಡೆಯದೆ ಒಲೆ ಹಿಡಿದಷ್ಟೂ ಮಾಡಿದಳು. ತೋಟದ ಉದ್ದದ ಮೇಜಿಗೆ ಬಟ್ಟೆ ಹಾಸಿ, ಅದರ ಒಂದು ತುದಿಯಲ್ಲಿ ಇಬ್ಬರೇ ಕೂತರು.

"ಚೆನ್ನಾಗಿ ಬಂದಿದೆ," ಎಂದ ಓಟ್ಮಾರ್, ಇನ್ನೂ ಬಾಯಿಗೆ ಇಡುವ ಮೊದಲೇ.

"ಹೂಂ," ಎಂದಳು ಟ್ರೌಡಿ.

ಕಾಫಿ ಹೊತ್ತಿಗೆ ಸರಿಯಾಗಿ ಗೇಟಿನ ಗಂಟೆ ಸದ್ದು ಮಾಡಿತು.

ಓಟ್ಮಾರ್ ಹೋಗಿ ನೋಡಿದರೆ ಬೀದಿ ತುಂಬ ಜನ. ಕೈಯಲ್ಲಿ ಹೂವು, ಕೆನೆಯ ಪಾತ್ರೆ, ಮಡಚುವ ಕುರ್ಚಿ. ಮುಂದೆ ನಿಂತಿದ್ದವರು ಊರುಗೋಲು ಹಿಡಿದ ಪುಟ್ಟ ಅಜ್ಜಿ.

"ನಾನು ಉಲ್ಮಿನ ಕ್ರೆಸೆನ್ಸ್. ಟ್ರೌಡಿ ಮನೆ ಇದೇ ತಾನೆ?"

ಒಳಗಿಂದ ಓಡಿಬಂದ ಟ್ರೌಡಿ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. "ವಿಳಾಸ ಹ್ಯಾಗ್ ಸಿಕ್ತು ನಿಮ್ಗೆ?"

"ಹ್ಯಾಗ್ ಸಿಕ್ತು ಅಂದ್ರೆ? ಬ್ಲಾಗು ತೆಗೆದ್ರೆ ಅದೊಂದೇ ಇತ್ತಲ್ಲಮ್ಮ, ಇಷ್ಟ್ ದಪ್ಪಕ್ಷರದಲ್ಲಿ! ಅಡುಗೆ ಬರಹ ಎಲ್ಲ ಸರಿಸಿಟ್ಟು ಬರೀ ವಿಳಾಸ ಹಾಕಿದ್ದಾಳೆ, ಎಷ್ಟ್ ಪ್ರೀತಿ ಅಂದ್ಕೊಂಡ್ವಿ. ಫೋನೂ ಮಾಡಿದ್ವಿ. ಯಾರೂ ಎತ್ಲಿಲ್ಲ, ಹಿಟ್ಟಿನ ಕೈ ಇರ್ಬೇಕು ಅಂತ ಸುಮ್ನಾದ್ವಿ." ಅಜ್ಜಿ ದನಿ ತಗ್ಗಿಸಿದರು. "ಅಂದ್ಹಾಗೆ, ನಿನ್ ಹೆಸ್ರಲ್ಲಿ ಯಾವನೋ ಪಟಿಂಗ ಮೇಲ್ ಕಳಿಸ್ತಿದ್ದಾನೆ, ಹುಷಾರು. ನಮ್ಮನ್ನೆಲ್ಲ ಅಳಿಸ್ತಾನಂತೆ! ಒತ್ಬೇಡಿ ಅಂತ ನಾನೇ ಎಲ್ರಿಗೂ ಹೇಳ್ದೆ."

ಟ್ರೌಡಿ ಓಟ್ಮಾರನನ್ನು ನೋಡಿದಳು. ಓಟ್ಮಾರ್ ಪ್ಲಮ್ ಮರವನ್ನು ನೋಡಿದ.

ಆದರೂ ಎಲ್ಲರೂ ಕೂತು ಡಾಚಿಗೆ ಕೆನೆ ಬೀಳುವ ಹೊತ್ತಿಗೆ ಅವನಿಗೆ ಮತ್ತೆ ಹುರುಪು ಬಂತು. ಹೇಗೂ ಬಂದದ್ದು ತನ್ನ ಪುಟ ನೋಡಿಯೇ ಅಲ್ಲವೇ? "ಕಾನೂನು ಪಾಲಿಸಿದ್ರೆ ಯಾರೂ ಕೆಡೋದಿಲ್ಲ," ಎಂದು ಶುರು ಮಾಡಿ, "ಆ ಪುಟದಲ್ಲಿರೋ ಓಟ್ಮಾರ್ ಬಾಡರ್ ನಾನೇ," ಎಂದ.

ಮೇಜಿನ ಸುತ್ತ ಚಮಚಗಳೆಲ್ಲ ತಟ್ಟೆಗಿಳಿದವು.

"ಅಯ್ಯೋ!" ಎಂದರು ಕ್ರೆಸೆನ್ಸ್ ಅಜ್ಜಿ. "ನೀವೇನಾ 'ನಮ್ಮನೆಯವ್ರು'?"

"ಯಾರ ಮನೆಯವ್ರು?"

ಉತ್ತರ ಕೊಡುವ ತಾಳ್ಮೆ ಯಾರಿಗೂ ಇರಲಿಲ್ಲ. ಎಲ್ಲರೂ ಕುರ್ಚಿ ಎಳೆದುಕೊಂಡು ಅವನ ಸುತ್ತ ನೆರೆದರು.

"ಟೊಮ್ಯಾಟೊ ಗಿಡಕ್ಕೆ ಗದರೋದು ನೀವೇನಾ?"

"ಡಾಕ್ಟ್ರು ಬೇಡ ಅಂದ್ರೂ ಕಾರ್ ಶೆಡ್ಡಲ್ಲಿ ಸಾಸೇಜ್ ಬಚ್ಚಿಡ್ತೀರಲ್ಲ, ಈಗ್ಲೂ ಆ ಬಣ್ಣದ ಡಬ್ಬಿ ಹಿಂದೇನಾ?"

"ಗೊರಕೆಗೆ ಹೊಸ ದಿಂಬು ತಂದ್ರಲ್ಲ, ಪ್ರಯೋಜನ ಆಯ್ತಾ?"

"ಮೊನ್ನೆ ಟೀವಿಯಲ್ಲಿ ಆ ಮುದಿ ಕುದುರೆ ಸತ್ತಾಗ ಅತ್ತಿದ್ದು ಎರಡು ಕರ್ಚೀಫೋ ಮೂರೋ?"

ಓಟ್ಮಾರನ ಕಿವಿ ಪ್ಲಮ್ ಹಣ್ಣಿನ ಬಣ್ಣಕ್ಕೆ ತಿರುಗಿತು. ಹೆಂಡತಿಯನ್ನು ಮರದ ಹಿಂದಕ್ಕೆ ಕರೆದೊಯ್ದ.

"ಟ್ರೌಡಿ! ನೀನು ಬರೀತಿದ್ದದ್ದು ಅಡುಗೆ ಅಲ್ವಾ?"

"ಕೊನೇಲಿ ಅಡುಗೇನೂ ಇರುತ್ತೆ."

"ನನ್ ಹೊಟ್ಟೆ, ನನ್ ನಿದ್ದೆ, ನನ್ ಕಣ್ಣೀರು! ಇದು ಖಾಸಗಿತನದ ಘೋರ ಉಲ್ಲಂಘನೆ!"

ಟ್ರೌಡಿ ಸೊಂಟದ ಮೇಲೆ ಕೈಯಿಟ್ಟಳು. "ಹತ್ ವರ್ಷದಲ್ಲಿ ನಿನ್ ಹೆಸ್ರು ಒಂದ್ಸಲ ಬರ್ದಿದ್ದೀನಾ? ಊರು ಬರ್ದಿದ್ದೀನಾ? ಬರೀ 'ನಮ್ಮನೆಯವ್ರು'. ನೀನು ಯಾರು, ಎಲ್ಲಿದ್ದೀಯ ಅಂತ ಒಂದು ನರಪಿಳ್ಳೆಗೂ ಗೊತ್ತಿರ್ಲಿಲ್ಲ. ಹೆಸ್ರು, ಬೀದಿ, ಮನೆ ನಂಬರು ದಪ್ಪಕ್ಷರದಲ್ಲಿ ಹಾಕಿ ಜಗತ್ತಿಗೆ ಸಾರಿದ್ದು ಯಾರು?"

ನಗರಸಭೆಯಲ್ಲಿ ಅಷ್ಟು ವರ್ಷ ಯಾರ ಅರ್ಜಿಗಾದರೂ ಒಂದು ಕೊಕ್ಕೆ ಹುಡುಕಿದವನಿಗೆ ಇದರಲ್ಲಿ ಒಂದೂ ಸಿಗಲಿಲ್ಲ. "ನಂಗೆ ಅಳಿಸಿಕೊಳ್ಳೋ ಹಕ್ಕಿದೆ," ಎಂದ, ಸಣ್ಣ ದನಿಯಲ್ಲಿ.

"ಇದೆ. ಬೇಡ ಅಂದ್ರೆ ಬೇಡ. ಅಳಿಸೋಣ," ಎಂದಳು ಟ್ರೌಡಿ. ಕೊಂಕಿಲ್ಲದೆ ಹೇಳಿದಳು. ಅದೇ ಅವನಿಗೆ ಹೆಚ್ಚು ತಟ್ಟಿತು.

ಮರ ಅಷ್ಟೇನೂ ದಪ್ಪದ್ದಲ್ಲ. ಮೇಜಿಗೆಲ್ಲ ಕೇಳಿಸಿತ್ತು.

"ನಿಮ್ಮನ್ನ ಅಳಿಸಿದ್ರೆ ಉಳಿಯೋದೇನು ಹೆರ್ ಬಾಡರ್?" ಎಂದರೊಬ್ಬರು. "ಹಿಟ್ಟು, ಸಕ್ಕರೆ. ಅದು ಪೊಟ್ಟಣದ ಮೇಲೂ ಬರ್ದಿರುತ್ತೆ."

ಕ್ರೆಸೆನ್ಸ್ ಅಜ್ಜಿ ಊರುಗೋಲೂರಿ ಹತ್ತಿರ ಬಂದರು. "ನಮ್ಮನೆಯವ್ರು ತೀರಿಕೊಂಡ ಚಳಿಗಾಲದಲ್ಲಿ ನಂಗೆ ಯಾವ್ದೂ ಬೇಕಿರ್ಲಿಲ್ಲ. ಶುಕ್ರವಾರ ಮಾತ್ರ ಎದ್ದು ಕೂರ್ತಿದ್ದೆ. ಈ ವಾರ ಆ ಮನುಷ್ಯ ಏನ್ ಎಡವಟ್ಟು ಮಾಡ್ಕೊಂಡಿದ್ದಾನೋ ನೋಡೋಣ ಅಂತ. ನಿಮ್ಮಿಂದ ನಕ್ಕಿದ್ದೀನಿ ಹೆರ್ ಬಾಡರ್. ಅದು ದೊಡ್ಡ ಉಪಕಾರ."

ಓಟ್ಮಾರ್ ಜೇಬಿನಲ್ಲಿ ಕರ್ಚೀಫು ಹುಡುಕಿದ. (ಕುದುರೆ ಸತ್ತಾಗಲೂ ಹೀಗೇ ಶುರುವಾಗಿತ್ತು.) ಟ್ರೌಡಿಯ ಕಡೆ ತಿರುಗಿ ತಲೆಯಾಡಿಸಿದ.

"ತಲೆ ಆಡ್ಸಿದ್ರೆ ಸಾಲ್ದು," ಎಂದಳು ಟ್ರೌಡಿ. "ಸುಮ್ನಿದ್ರೂ ಸಾಲ್ದು. ಉದ್ದೇಶ ತಿಳ್ಕೊಂಡು, ನೀನಾಗೇ, ಸ್ಪಷ್ಟವಾಗಿ ಹೇಳ್ಬೇಕು. ಕಾನೂನು."

ಓಟ್ಮಾರ್ ಮೇಜಿನ ಮುಂದೆ ಬಂದು ನೆಟ್ಟಗೆ ನಿಂತ. "ಓಟ್ಮಾರ್ ಬಾಡರ್ ಆದ ನಾನು, ನನ್ನ ಗೊರಕೆ, ನನ್ನ ಟೊಮ್ಯಾಟೊ, ನನ್ನ ಕಣ್ಣೀರು ಇತ್ಯಾದಿಗಳನ್ನು ಪ್ರತಿ ಶುಕ್ರವಾರ ಪ್ರಕಟಿಸಲು, ಈ ಜನರ ನಗುವಿನ ಉದ್ದೇಶಕ್ಕಾಗಿ, ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ."

"ಸಾಸೇಜು?" ಎಂದಳು ಟ್ರೌಡಿ.

"...ಸಾಸೇಜು ಸಹಿತ."

ಚಪ್ಪಾಳೆ ಬಿತ್ತು. ಬೇಲಿಯಾಚೆಯ ಪಕ್ಕದ ಮನೆಯಿಂದಲೂ ಬಿತ್ತು. ನಿಯಮದಷ್ಟೇ ಎತ್ತರದ ಬೇಲಿ, ಎಲ್ಲ ಕೇಳಿಸುತ್ತಿತ್ತು.

ಟ್ರೌಡಿ ಅವನನ್ನು ಕೂರಿಸಿ, ತಟ್ಟೆಗೆ ಡಾಚಿಯ ಮೂಲೆಯ ತುಂಡು ಹಾಕಿದಳು. ಅವನಿಗೆ ಮೂಲೆಯೇ ಇಷ್ಟ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಅದಕ್ಕೆ ಕೈ ಹಾಕಿರಲಿಲ್ಲ. ಕ್ರೆಸೆನ್ಸ್ ಅಜ್ಜಿ ಚೀಲದಿಂದ ಉಣ್ಣೆಯ ಕಾಲುಚೀಲದ ಜೋಡಿಯೊಂದನ್ನು ತೆಗೆದು ಅವನ ಮಡಿಲಲ್ಲಿಟ್ಟರು.

"ನಾನೇ ಹೆಣೆದದ್ದು. ಹಾಕ್ಕೊಂಡು ನೋಡಿ. ಎಡಗಾಲು ಸ್ವಲ್ಪ ದೊಡ್ಡದಂತಲ್ಲ, ಅದನ್ನೂ ನೋಡ್ಕೊಂಡೇ ಹೆಣೆದಿದ್ದೀನಿ."

ಓಟ್ಮಾರ್ ಅಲ್ಲೇ, ಎಲ್ಲರೆದುರೇ ಬೂಟು ಬಿಚ್ಚಿ ಹಾಕಿಕೊಂಡ. ಸಂಗ್ರಹಿಸಿಟ್ಟ ಮಾಹಿತಿ ನಿಖರವಾಗಿರತಕ್ಕದ್ದು ಎಂದೂ ಆ ಖಾಸಗಿತನದ ಕಾನೂನಿನಲ್ಲಿದೆ. ಎಡಗಾಲಿನದು ಅಚ್ಚುಕಟ್ಟಾಗಿ ಕೂತಿತ್ತು.