ಎರಡು ಪಾಯಿಂಟ್ ಎರಡರಲ್ಲಿ ಕರಗಿದ ಮಗಳು

ಪೌಂಡನ್ನು ಕಿಲೋ ಮಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಗಂಡು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಹೋದ ಭಾನುವಾರ ಬೆಳಗ್ಗೆ ಹತ್ತೂವರೆಯವರೆಗೆ ನಾನು ಹೀಗೇ ನಂಬಿದ್ದೆ.

ನಂಬದೆ ಇನ್ನೇನು? ನನ್ನ ಹೊಟ್ಟೆಪಾಡೇ ಅದು. ಪಾರ್ಸೆಲ್ ಆಫೀಸಿನ ತೂಕದ ವಿಭಾಗದಲ್ಲಿ ಗುಮಾಸ್ತ ನಾನು. ನಮ್ಮ ಹಳೇ ತೂಕದ ಯಂತ್ರ ತೋರಿಸುವುದು ಪೌಂಡಿನಲ್ಲಿ, ರಿಜಿಸ್ಟರಿಗೆ ಬೇಕಾದದ್ದು ಕಿಲೋದಲ್ಲಿ. ಮಾಲು ತುಂಬಿದ ಡಬ್ಬಿ ತೂಗು, ಖಾಲಿ ಡಬ್ಬಿ ತೂಗು, ಕಳೆ, ಒಂದು ಕಿಲೋಗೆ ಎರಡು ಪಾಯಿಂಟ್ ಎರಡು ಪೌಂಡಿನಂತೆ ಭಾಗಿಸು, ಬರೆ. ಮುಂದಿನದು! ದಿನಕ್ಕೆ ಇನ್ನೂರು ಡಬ್ಬಿ. ನಾನು ಯಂತ್ರದ ಮುಖ ನೋಡುವುದಿಲ್ಲ, ನನ್ನ ಬೆರಳುಗಳೇ ನೋಡಿಕೊಂಡು ಕ್ಯಾಲ್ಕುಲೇಟರ್ ಒತ್ತುತ್ತವೆ. "ಡಬ್ಬಿ ಎಷ್ಟಿದ್ರೆ ನಮಗೇನಯ್ಯಾ? ಮಾಲು ನೋಡು, ಮಾಲು!" ಎನ್ನುವುದು ನಮ್ಮ ಮೇಲಧಿಕಾರಿಗಳ ನಿತ್ಯಮಂತ್ರ.

ಈ ಮಹಾವಿದ್ಯೆಯನ್ನು ಮನೆಗೆ ತಂದದ್ದು ಮಗಳಿಗಾಗಿ. ಅವಳಿಗೆ ಅವಸರ, ಒಂದು ತಿಂಗಳು ಮೊದಲೇ ಹುಟ್ಟಿಬಿಟ್ಟಳು. ತೂಕ ಎರಡು ಕಿಲೋ ನೂರು ಗ್ರಾಂ. ನನ್ನ ಅಂಗೈಯಲ್ಲಿ ಇಟ್ಟಾಗ, ಇಷ್ಟು ಹಗುರದ ಮಾಲಿಗೆ ಇಷ್ಟು ಜೋರಾದ ದನಿ ಎಲ್ಲಿಂದ ಎಂದು ಬೆರಗಾಗಿದ್ದೆ. "ಎರಡು ತಿಂಗಳ ತಪಾಸಣೆ ಹೊತ್ತಿಗೆ ನಾಲ್ಕು ಕಿಲೋ ದಾಟಿರಬೇಕು. ಇಲ್ಲಾಂದ್ರೆ ಮತ್ತೆ ಆಸ್ಪತ್ರೆಗೆ ಸೇರಿಸ್ಕೊಂಡು ಪರೀಕ್ಷೆ ಮಾಡ್ಬೇಕಾಗತ್ತೆ" ಎಂದಿದ್ದರು ಡಾಕ್ಟರ್. ಅಂದಿನಿಂದ ನನ್ನ ಹೆಂಡತಿಗೆ ಜಗತ್ತಿನಲ್ಲಿ ಒಂದೇ ಅಂಕಿ: ನಾಲ್ಕು.

ಸಹೋದ್ಯೋಗಿಯೊಬ್ಬರು ಮನೆ ಖಾಲಿ ಮಾಡುವಾಗ ಕೊಟ್ಟ ತೂಕದ ಯಂತ್ರವೂ ಪೌಂಡಿನದೇ. ನಾನು ಮಗುವನ್ನೆತ್ತಿಕೊಂಡು ಒಮ್ಮೆ ಹತ್ತುವುದು, ಮಗುವನ್ನು ಮಲಗಿಸಿ ನಾನೊಬ್ಬನೇ ಒಮ್ಮೆ ಹತ್ತುವುದು, ಕಳೆಯುವುದು, ಭಾಗಿಸುವುದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಥೇಟ್ ಆಫೀಸಿನ ಪದ್ಧತಿ! ಅದಕ್ಕೂ ಹಿಂದಿನ ಭಾನುವಾರ ಬರೆದದ್ದು ಮೂರು ಕಿಲೋ ಎಂಟುನೂರು.

ಶನಿವಾರ ಸಂಜೆ ಹೆಂಡತಿ ಏನೋ ಹೇಳಲು ಬಂದಳು. "ರೀ, ಆ ತೂಕದ ಯಂತ್ರ ಒರೆಸ್ತಾ ಇದ್ನಲ್ಲ, ಅದರ ಹೊಟ್ಟೆಯಡಿ ಒಂದು ಗುಂಡಿ..."

"ಯಂತ್ರದ ವಿಷಯ ನನಗೆ ಬಿಡು ಕಣೇ! ನಾಳೆ ನಾಲ್ಕು ದಾಟಿಸಿ ತೋರಿಸ್ತೀನಿ!" ಎಂದೆ. ದಾಟಿಸುವವನು ನಾನೇ ಎಂಬ ಹಾಗೆ.

"ಅಲ್ಲಾ ರೀ, ಸ್ವಲ್ಪ ಕೇಳಿ..."

"ತೂಕದ ವಿಭಾಗದವನಿಗೆ ತೂಕ ಹೇಳಿಕೊಡ್ತೀಯಾ?"

ಅವಳು ಸುಮ್ಮನಾದಳು. ಹೆಂಡತಿ ಸುಮ್ಮನಾದಾಗ ಗೆದ್ದೆ ಎಂದುಕೊಳ್ಳುವ ಗಂಡಸರ ಸಂಘಕ್ಕೆ ನಾನು ಆಜೀವ ಸದಸ್ಯ.

ಭಾನುವಾರ ಅವಳು ಸ್ನಾನಕ್ಕೆ ಹೋದಳು. ನಾನು ಮಗುವಿನೊಂದಿಗೆ ಹತ್ತಿದೆ, ಒಬ್ಬನೇ ಹತ್ತಿದೆ, ಬೆರಳುಗಳು ಒತ್ತಿದವು. ಉತ್ತರ: ಒಂದು ಪಾಯಿಂಟ್ ಎಂಟು ಆರು!

ಕನ್ನಡಕ ಒರೆಸಿಕೊಂಡೆ, ಕೈಗಡಿಯಾರ ಬಿಚ್ಚಿಟ್ಟೆ, ಮತ್ತೆ ಹತ್ತಿದೆ. ಅದೇ! ಚಪ್ಪಲಿ ಬಿಟ್ಟೆ, ಉಸಿರು ಬಿಗಿಹಿಡಿದೆ. ಅದೇ! ಹುಟ್ಟಿದಾಗಿನದಕ್ಕಿಂತ ಕಮ್ಮಿ! ಕ್ಲಿನಿಕ್ಕಿಗೆ ಫೋನ್ ಮಾಡಿದೆ.

"ಸಿಸ್ಟರ್, ನನ್ನ ಮಗು ಅರ್ಧ ಆಗ್ಬಿಟ್ಟಿದೆ!"

"ಉದ್ದದಲ್ಲೋ, ಅಗಲದಲ್ಲೋ?" ಎಂದಿತು ಆ ಕಡೆಯ ದನಿ.

"ತೂಕದಲ್ಲಿ! ಒಂದು ವಾರದಲ್ಲಿ ಎರಡು ಕಿಲೋ ಕರಗಿದೆ!"

"ಹಾಲು ಕುಡೀತಾ ಇದೆಯಾ?"

"ಕುಡೀತಾ ಇದೆ."

"ಅಳತ್ತಾ?"

"ಈ ಬೀದಿಗೆಲ್ಲ ಗೊತ್ತು."

"ಸರಿ, ಕರ್ಕೊಂಡು ಬನ್ನಿ, ನೋಡೋಣ."

ಒದ್ದೆ ಕೂದಲಿನಲ್ಲೇ ಹೆಂಡತಿ ಓಡಿಬಂದಳು. ವಿಷಯ ಕೇಳಿ ಮಗುವನ್ನು ದಿಟ್ಟಿಸಿ ನೋಡಿದಳು. "ಇವಳು ಕರಗಿದಾಳಾ? ಹೋದ ವಾರದ ಅಂಗಿಗೆ ಗುಂಡಿ ಹಾಕಕ್ಕಾಗ್ತಿಲ್ಲ ನಂಗೆ!"

"ಕಣ್ಣು ಮೋಸ ಮಾಡತ್ತೆ ಕಣೇ. ಅಂಕಿ ಮೋಸ ಮಾಡಲ್ಲ."

ಆ ಮಾತು ಆಡಬಾರದಿತ್ತು. ಅವಳ ಮುಖ ಬಿಳಚಿಕೊಂಡಿತು. ಮಗುವನ್ನು ಎದೆಗೊತ್ತಿಕೊಂಡು ಬಾಗಿಲಿಗೆ ನಡೆದಳು. ಎರಡು ತಿಂಗಳಿಂದ ನಿದ್ದೆ ಬಿಟ್ಟು ಹನಿಹನಿಯಾಗಿ ಕೂಡಿಸಿದ್ದನ್ನು ನನ್ನ ಕ್ಯಾಲ್ಕುಲೇಟರು ಒಂದೇ ಏಟಿಗೆ ಕಳೆದುಹಾಕಿತ್ತು. ನಾನು ಸಾಕ್ಷಿಗಿರಲಿ ಎಂದು ಯಂತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ.

ಟ್ಯಾಕ್ಸಿಯಲ್ಲಿ ಲೆಕ್ಕ ಹಾಕಿದೆ. ವಾರಕ್ಕೆ ಇಷ್ಟು ಕರಗಿದರೆ ಮುಂದಿನ ಭಾನುವಾರದ ಹೊತ್ತಿಗೆ ಬರೀ ಅಂಗಿ ಉಳಿಯುತ್ತದೆ! ಅಂಗಿಯ ಒಡತಿ ಮಾತ್ರ ತಾಯಿಯ ತೊಡೆಯ ಮೇಲೆ ಮುಷ್ಟಿ ಚೀಪುತ್ತಾ ನನ್ನನ್ನೇ ನೋಡುತ್ತಿದ್ದಳು. ಹೊರಡುವ ಮುಂಚೆ ಗಾಬರಿಯಲ್ಲಿ ಅತ್ತೆಗೂ ಫೋನ್ ಮಾಡಿ ವಿಷಯ ಹೇಳಿದ್ದೆ; ಅಷ್ಟರಲ್ಲಿ ಅವರು ತಿರುಗಿ ಫೋನ್ ಮಾಡಿದರು.

"ಅಳಿಯಂದ್ರೇ, ಮಗೂನ ನೀವೇ ತೂಗಿದ್ರಾ?"

"ಹೌದು ಅತ್ತೆ, ನಾನೇ!"

"ಹಾಗಾದ್ರೆ ಹೆದರೋ ಕಾರಣ ಇಲ್ಲ ಬಿಡಿ" ಎಂದು ಫೋನ್ ಇಟ್ಟರು. ಎಂಥ ನಂಬಿಕೆ ನನ್ನ ಮೇಲೆ ಎಂದು ಆಗ ಕಣ್ಣು ತುಂಬಿ ಬಂದಿತ್ತು. ಈಗ ಬರುವುದಿಲ್ಲ.

ಕ್ಲಿನಿಕ್ಕಿನಲ್ಲಿ ಸಿಸ್ಟರ್ ಮಗುವಿನ ಬಟ್ಟೆ ಬಿಚ್ಚಿ ತಟ್ಟೆಯ ಮೇಲೆ ಮಲಗಿಸಿದರು. ಹೆಂಡತಿ ಕಣ್ಣು ಮುಚ್ಚಿಕೊಂಡು ನನ್ನ ತೋಳು ಹಿಡಿದಳು. ಉಗುರಿನ ಗುರುತು ಇನ್ನೂ ಇದೆ.

"ನಾಲ್ಕು ಕಿಲೋ ನೂರ ಇಪ್ಪತ್ತು" ಎಂದರು ಸಿಸ್ಟರ್.

"ಇನ್ನೊಂದ್ಸಲ ಹೇಳಿ" ಎಂದಳು ಹೆಂಡತಿ, ಕಣ್ಣು ತೆರೆಯದೆ.

"ನಾಲ್ಕು. ದಾಟಿದಾಳೆ ನಿಮ್ಮ ಪುಟ್ಟಿ."

ಅವಳು ಅಳುತ್ತಾ ನಗತೊಡಗಿದಳು. ಗಂಡನಾದವನು ಅಲ್ಲಿಗೆ ಬಾಯಿ ಮುಚ್ಚಿಕೊಂಡಿರಬೇಕು ತಾನೆ? ನಾನು ವೃತ್ತಿನಿಷ್ಠ! "ಸಿಸ್ಟರ್, ನಿಮ್ಮ ಯಂತ್ರದಲ್ಲಿ ದೋಷ ಇದೆ!" ಎಂದು ಘೋಷಿಸಿ, ನನ್ನ ಯಂತ್ರವನ್ನು ವರಾಂಡದ ನಟ್ಟನಡುವೆ ಇಟ್ಟು, ಕಾದು ಕುಳಿತಿದ್ದ ಹತ್ತು ಹನ್ನೆರಡು ಜನರೆದುರು ಕಿರೀಟಧಾರಣೆಗೆ ನಿಂತ ಅರಸನಂತೆ ಹತ್ತಿ ನಿಂತೆ. "ಓದಿ!"

ಸಿಸ್ಟರ್ ಬಗ್ಗಿ ಓದಿದರು. "ಎಪ್ಪತ್ತೆಂಟು ಪಾಯಿಂಟ್ ಒಂದು."

"ಪೌಂಡು! ಈಗ ಎರಡು ಪಾಯಿಂಟ್ ಎರಡರಿಂದ ಭಾಗಿಸಿ!"

"ಭಾಗಿಸಿದ್ರೆ ಮೂವತ್ತೈದೂವರೆ ಕಿಲೋ ಬರತ್ತೆ." ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಅದರಲ್ಲೂ ನಡುಭಾಗವನ್ನು ತುಸು ನಿಧಾನವಾಗಿ. "ನೋಡಿದ್ರೆ ಹಾಗೆ ಕಾಣಲ್ಲ ಸಾರ್. ಇದು ಕಿಲೋನೇ ತೋರಿಸ್ತಿದೆ. ಅಂಕಿ ಪಕ್ಕದಲ್ಲೇ ಬರೆದಿದೆಯಲ್ಲ."

ವರಾಂಡದಲ್ಲಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ಅದನ್ನೇ ನಿನ್ನೆ ಹೇಳಕ್ಕೆ ಬಂದಿದ್ದು!" ಹೆಂಡತಿ ಕಣ್ಣೊರೆಸಿಕೊಂಡಳು. "ವಾರವಾರ ಭಾಗಿಸೋ ಕಷ್ಟ ಯಾಕೆ ಅಂತ ಗುಂಡಿ ತಿರುಗಿಸಿ ಕಿಲೋಗೆ ಇಟ್ಟಿದ್ದೆ. ನನಗೂ ಈ ಗಡಿಬಿಡೀಲಿ ಮರೆತೇಹೋಯ್ತು. ಅಲ್ಲಾ ರೀ, ಮಗು ಅರ್ಧ ಆಗಿದ್ದು ಕಂಡಿತು. ಹೋದ ವಾರ ನೂರ ಎಪ್ಪತ್ತೆರಡು ಇದ್ದೋರು ಈ ವಾರ ಎಪ್ಪತ್ತೆಂಟಕ್ಕೆ ಇಳಿದಿದ್ದು ಕಾಣಲಿಲ್ವಾ ನಿಮಗೆ?"

"ನಮ್ಮ ಆಫೀಸಲ್ಲಿ ಡಬ್ಬಿ ತೂಕ ಯಾರೂ ನೋಡಲ್ಲ" ಎಂದೆ, ಆದಷ್ಟು ಸಣ್ಣ ದನಿಯಲ್ಲಿ.

ಮನೆಗೆ ಬಂದವಳೇ ಅವಳು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತಳು. ಪೆನ್ನು ತೆಗೆದು ಹೊಸದಾಗಿ ಒಂದು ಗೆರೆ ಎಳೆದಳು. ಮಗಳಿಗೆ ಹಾಲು ಕುಡಿಸಲು ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಹೋಗಿ ನೋಡಿದೆ. ದುಂಡಗೆ, ಸಂತೋಷದ ಅಕ್ಷರಗಳಲ್ಲಿ ಬರೆದಿದ್ದಳು:

"ಮಾಲು: ನಾಲ್ಕು ಕಿಲೋ ನೂರ ಇಪ್ಪತ್ತು.

ಡಬ್ಬಿ: ಎಪ್ಪತ್ತೆಂಟು ಕಿಲೋ ನೂರು. ಮೇಲ್ಭಾಗ ಪೂರಾ ಖಾಲಿ."